ಪಿಳ್ಳಪ್ಪಣ್ಣ ಕೇಳಿಸಿಕೊಳ್ಳದ ಸದ್ದು

ಆ ಭಾನುವಾರ ಬೆಳಗ್ಗೆ ಆರೂವರೆಗೆ, ಹೊಸಕೋಟೆ ದಾಟಿ ಮಾಲೂರಿನ ಕಡೆ ಹೋಗುವ ರಸ್ತೆಯಲ್ಲಿ, ಹಾರ್ನ್ ಇಲ್ಲದ ಒಂದು ಕಾರಿನೊಳಗೆ ನಾವು ಮೂವರಿದ್ದೆವು. ಸ್ಟಿಯರಿಂಗ್ ಹಿಡಿದಿದ್ದವರು ಕಾರಿನ ಒಡತಿ ರೇವತಿ. ಬ್ರೂಕ್‌ಫೀಲ್ಡಿನವರು, ವಾರವೆಲ್ಲ ಮೀಟಿಂಗುಗಳಲ್ಲಿ ಕಳೆದು, ಭಾನುವಾರ ಒಂದಿಷ್ಟು ದೂರ ತಾವೇ ಗಾಡಿ ಓಡಿಸಿದರೆ ಮಾತ್ರ ಸೋಮವಾರವನ್ನು ಎದುರಿಸಬಲ್ಲವರು. ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು. ರೇವತಿಯ ಎಡಕ್ಕೆ, ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೊತ್ತಿ, ಕಣ್ಣು ಮುಚ್ಚಿ ಕೂತಿದ್ದವರು ಪಿಳ್ಳಪ್ಪಣ್ಣ.

ಅವರ ಕಿವಿಗಳ ಮೇಲೆ ಹಸಿರು ಬಣ್ಣದ, ಕಾರ್ಖಾನೆಯಲ್ಲಿ ಹಾಕಿಕೊಳ್ಳುವಂಥ ದೊಡ್ಡ ಕಿವಿಮುಚ್ಚುಗಳಿದ್ದವು. ಅವುಗಳಿಂದ ಹೊರಟ ರಬ್ಬರ್ ಕೊಳವೆ ಕಿಟಕಿಯ ಸಂದಿಯಿಂದ ಆಚೆ ಹೋಗಿ, ಬಾನೆಟ್ಟಿನೊಳಗೆ ನುಸುಳಿ, ಎಂಜಿನ್ನಿನ ಮೈಗೆ ಬೋಲ್ಟು ಹಾಕಿ ಬಿಗಿದ ತಾಮ್ರದ ಕೊಳವೆಯನ್ನು ಸೇರಿತ್ತು. ವೈದ್ಯರು ಎದೆಗೆ ಇಟ್ಟು ಕೇಳುತ್ತಾರಲ್ಲ, ಅದೇ ಲೆಕ್ಕ. ರೋಗಿ ಮಾತ್ರ ಕಬ್ಬಿಣದ್ದು.

ಲ್ಯಾಪ್‌ಟಾಪಿನಲ್ಲಿ ಮೂರನೆಯ ಸಿಲಿಂಡರಿನ ಸಾಲು ಕೆಂಪಾಗಿತ್ತು. ಎಂಜಿನ್ನಿನೊಳಗೆ ಬಡಿತ ಶುರುವಾಗಿದೆ ಎಂದು ಅದರ ಮೈಮೇಲಿರುವ ಸೆನ್ಸರ್ ದೂರು ಹೇಳುತ್ತಿತ್ತು. ಪಿಳ್ಳಪ್ಪಣ್ಣ ಮಾತ್ರ ಬಲಗೈ ಚಾಚಿ, ಅಂಗೈಯನ್ನು ನೆಲಕ್ಕೆ ಮುಖ ಮಾಡಿ ಹಿಡಿದರು. ಅವರ ಕೈಭಾಷೆಯಲ್ಲಿ ಅದಕ್ಕೆ ಅರ್ಥ, ಸದ್ದಿಲ್ಲ. ಆಮೇಲೆ ಹೆಬ್ಬೆರಳು ಎತ್ತಿದರು: ಇನ್ನೊಂದು ಡಿಗ್ರಿ ಸೇರಿಸು.

ಇಬ್ಬರಲ್ಲಿ ಒಬ್ಬರದು ತಪ್ಪು. ಸೆನ್ಸರ್ ತಪ್ಪಿದ್ದರೆ ಕಳೆದುಕೊಳ್ಳುವುದು ಒಂದಿಷ್ಟು ವೇಗ. ಪಿಳ್ಳಪ್ಪಣ್ಣ ತಪ್ಪಿದ್ದರೆ ಒಡೆಯುವುದು ರೇವತಿಯ ಎಂಜಿನ್. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯ ಯಾವುದನ್ನು ನಂಬಿ ಬದುಕಿದ್ದರೋ ಆ ಕಿವಿಯೇ ಹೋಗಿದೆ ಎಂದಾಗುತ್ತಿತ್ತು. ಕೀಲಿ ಒತ್ತಬೇಕಾದವಳು ನಾನು.

ಪಟ್ಟಂದೂರು ಅಗ್ರಹಾರದಲ್ಲಿ ಪಿಳ್ಳಪ್ಪಣ್ಣನ ಮನೆಯ ಎರಡನೆಯ ಮಹಡಿಗೆ ನಾನು ಬಾಡಿಗೆಗೆ ಬಂದವಳು. ನೆಲ ಅಂತಸ್ತಿನಲ್ಲಿ ಅವರ ಶೆಡ್ಡು, ಅದರ ಮೇಲೆ ಅವರು ಮತ್ತು ಹೆಂಡತಿ ಮುನಿರತ್ನಕ್ಕ. ಊರಿನ ಹಳೇ ಮನೆತನ. "ನಮ್ ಪಂಪ್‌ಸೆಟ್ ಇದ್ದ ಜಾಗ್ದಾಗೆ ಈಗ ಅವರ ಲಿಫ್ಟ್ ಐತೆ" ಎಂದು ಪಕ್ಕದ ಐಟಿ ಪಾರ್ಕಿನ ಗಾಜಿನ ಕಟ್ಟಡವನ್ನು ತೋರಿಸುತ್ತಿದ್ದರು. ದುಃಖವಿಲ್ಲದೆ, ಅಂಚೆ ವಿಳಾಸ ಹೇಳುವ ಹಾಗೆ. ಆ ಡೀಸೆಲ್ ಪಂಪ್‌ಸೆಟ್ಟೇ ಅವರ ಮೊದಲ ಪಾಠಶಾಲೆ. ಹೊಲದ ಆಚೆ ಬದುವಿನಲ್ಲಿ ಕೂತು, ಅದು ಕೆಮ್ಮಿದ ರೀತಿ ಕೇಳಿ, ನೀರು ಯಾವ ಗಳಿಗೆಗೆ ನಿಲ್ಲುತ್ತದೆಂದು ಅಪ್ಪನಿಗೆ ಹೇಳುತ್ತಿದ್ದರಂತೆ. ಆಮೇಲೆ ಮಹದೇವಪುರದ ಒಂದು ಪ್ರೆಸ್ ಶಾಪಿನಲ್ಲಿ ಹದಿನೆಂಟು ವರ್ಷ ತಗಡು ಒತ್ತಿದರು. ಅದು ಮುಚ್ಚಿದ ಮೇಲೆ ಕಾರುಗಳು. ಕಾರೆಂದರೆ ಎಲ್ಲವೂ ಅಲ್ಲ. ಟರ್ಬೋ ಇರುವ ಪೆಟ್ರೋಲ್ ಗಾಡಿಗಳು ಮಾತ್ರ.

ನನ್ನ ಕೆಲಸ ಅಳತೆಯ ಉಪಕರಣಗಳನ್ನು ತಾಳೆ ನೋಡುವುದು. ಅದು ತಿಳಿದ ದಿನವೇ ಪಿಳ್ಳಪ್ಪಣ್ಣ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ್ದರು. "ಅಮ್ಮಣ್ಣೀ, ನಿಂಗೆ ಈ ಲ್ಯಾಪ್‌ಟಾಪ್ ಬತ್ತದಂತಲ್ಲ? ಬಾ ಇಲ್ಲಿ. ನಂಗೆ ಅದರ ಮಕ ಕಂಡ್ರೆ ಆಗಕ್ಕಿಲ್ಲ. ನಾನ್ ಕೇಳ್ತೀನಿ, ನೀನ್ ಒತ್ತು."

ಹೀಗೆ ನಾನು ಭಾನುವಾರದ ಒತ್ತುವವಳಾದೆ.

ಏನು ಕೇಳುವುದು, ಏನು ಒತ್ತುವುದು? ನನಗೂ ಮೊದಲು ತಲೆಬುಡ ತಿಳಿಯಲಿಲ್ಲ. ಪಿಳ್ಳಪ್ಪಣ್ಣ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ವಿವರಿಸಿದರು. "ನೋಡಮ್ಮಣ್ಣಿ, ಪಿಸ್ಟನ್ ಅನ್ನೋದು ಉಯ್ಯಾಲೆ ಇದ್ದಂಗೆ. ಮೇಲಕ್ಕೆ ಬತ್ತದೆ, ಕೆಳಕ್ಕೆ ಓಯ್ತದೆ. ಪ್ಲಗ್ಗು ಕಿಡಿ ಆಕ್ತದಲ್ಲ, ಅದು ನಾವು ನೂಕೋದು. ಉಯ್ಯಾಲೆ ದೂರ ಓದ್ಮೇಲೆ ನೂಕಿದ್ರೆ ಗಾಳೀನ ನೂಕ್ದಂಗೆ, ಬಲ ಇಲ್ಲ. ಇನ್ನೂ ನಮ್ ಕಡೆ ಬತ್ತಾ ಇರುವಾಗ್ಲೇ ನೂಕಿದ್ರೆ?"

"ಕೈ ಮುರಿಯುತ್ತೆ."

"ಅಷ್ಟೇ ಕಣಮ್ಮ. ಟೈಮಿಂಗ್ ಅಂದ್ರೆ ಅಷ್ಟೇ. ಡಿಗ್ರಿ ಸೇರ್ಸಿದ್ರೆ ಕಿಡಿ ಬೇಗ, ಇಳ್ಸಿದ್ರೆ ತಡ."

ಟರ್ಬೋ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಕಿಡಿ ಬೇಗ ಬಿದ್ದರೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು ಶಾಖ ತಾಳಲಾರದೆ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಪಿಳ್ಳಪ್ಪಣ್ಣ ಅದನ್ನು 'ಸಿಡಿತ' ಎನ್ನುತ್ತಿದ್ದರು. ಒಗ್ಗರಣೆಯಲ್ಲಿ ಸಾಸಿವೆ ಚಟಗುಟ್ಟಿದಂಥ ಸಣ್ಣ ಸದ್ದು; ಆದರೆ ಅದನ್ನು ಕೇಳುತ್ತಾ ಸುಮ್ಮನಿದ್ದರೆ ಪಿಸ್ಟನ್ನಿನ ಅಂಚೇ ಮುರಿದು ಬೀಳುತ್ತದೆ. ಹಾಗೆಂದು ಭಯಬಿದ್ದು ಕಿಡಿಯನ್ನು ತೀರಾ ತಡ ಮಾಡಿದರೆ ಗಾಡಿ ಸೋಮಾರಿಯಾಗಿ, ಹೊಗೆ ಕೊಳವೆ ಕೆಂಡವಾಗುತ್ತದೆ. ಸಿಡಿತ ಶುರುವಾಗುವ ಹೊಸ್ತಿಲನ್ನು ಹುಡುಕಿ, ಅಲ್ಲಿಂದ ಎರಡು ಹೆಜ್ಜೆ ಹಿಂದೆ ನಿಲ್ಲುವುದೇ ಪಿಳ್ಳಪ್ಪಣ್ಣನ ವಿದ್ಯೆ. ಆ ಹೊಸ್ತಿಲು ಗೊತ್ತಾಗುತ್ತಿದ್ದದ್ದು ಕಿವಿಯಿಂದ.

ಆ ಕಿವಿಗೆ ಅವರು ಮಾಡುತ್ತಿದ್ದ ಉಪಚಾರ ಒಂದು ವ್ರತದಂತಿತ್ತು. ಗಾಡಿ ಓಡಿಸುವ ದಿನ ನಿಪ್ಪಟ್ಟು, ಹಪ್ಪಳ, ಚುರುಮುರಿ ಮುಟ್ಟುವಂತಿಲ್ಲ. ಅಗಿದ ಸದ್ದು ತಲೆಯೊಳಗೆ ಉಳಿಯುತ್ತದಂತೆ. ಮುನಿರತ್ನಕ್ಕ ಬೆಳಗಿನ ಐದಕ್ಕೇ ಮುದ್ದೆ ತೊಳಸಬೇಕಿತ್ತು. "ಮುದ್ದೆ ನುಂಗೋಕೆ ಸದ್ದಿಲ್ಲ ನೋಡು" ಎಂದು ಪಿಳ್ಳಪ್ಪಣ್ಣ, "ಬೆಳಿಗ್ಗೆ ಬೆಳಿಗ್ಗೆ ನನ್ ತೋಳಿಗೆ ಸದ್ದು ಬತ್ತದೆ, ಅದು ಕೇಳ್ಸಕ್ಕಿಲ್ವಾ?" ಎಂದು ಮುನಿರತ್ನಕ್ಕ. ಹೊರಡುವ ಮುಂಚೆ ಪಿಳ್ಳಪ್ಪಣ್ಣ ಗಾಡಿಯ ಹಾರ್ನಿನ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೊಳವೆಯೊಳಗೆ ಹಾರ್ನ್ ಬಡಿದರೆ ಅವತ್ತಿನ ಕೆಲಸ ಮುಗಿದಂತೆಯೇ. ಬೆಂಗಳೂರಿನ ಅಂಚಿನಲ್ಲಿ ಹಾರ್ನ್ ಇಲ್ಲದೆ ಗಾಡಿ ಓಡಿಸುವುದೆಂದರೆ ಏನೆಂದು ಓದುವವರು ಊಹಿಸಿಕೊಳ್ಳಬಹುದು. ರೇವತಿ ಕಿಟಕಿ ಇಳಿಸಿ, "ಅಣ್ಣಾ, ಸ್ವಲ್ಪ ಸೈಡು! ಅಣ್ಣೋ, ಟ್ರಾಕ್ಟರ್ ಅಣ್ಣೋ!" ಎಂದು ಬಾಯಿಂದಲೇ ಹಾರ್ನ್ ಹೊಡೆಯುವುದನ್ನು ಕಲಿತಿದ್ದರು.

ಅವರ ಕಿವಿಯನ್ನು ನಾನು ದೇವರಂತೆ ನಂಬಿದ್ದಕ್ಕೂ ಒಂದು ಕಾರಣವಿತ್ತು. ಬೆಳ್ಳಂದೂರಿನ ಒಬ್ಬ ಗಿರಾಕಿ ಮೂರು ಗ್ಯಾರೇಜು ಸುತ್ತಿ ಬಂದಿದ್ದ. ಸೆನ್ಸರ್ ಬಡಿತ ಬಡಿತ ಎನ್ನುತ್ತಿತ್ತು. ಹೋದಲ್ಲೆಲ್ಲ ಟೈಮಿಂಗ್ ಇಳಿಸಿ ಇಳಿಸಿ ಗಾಡಿ ಫ್ಲೈಓವರ್ ಹತ್ತಲೂ ಏದುಸಿರು ಬಿಡುತ್ತಿತ್ತು. ಪಿಳ್ಳಪ್ಪಣ್ಣ ಕೊಳವೆ ಸಿಕ್ಕಿಸಿ, ನಿಂತಲ್ಲೇ ಎಂಜಿನ್ ಏರಿಸಲು ಹೇಳಿ, ಅರ್ಧ ನಿಮಿಷ ಕೇಳಿ, "ಇದು ಒಳಗಿನ ಸದ್ದಲ್ಲ ಕಣ್ರೀ, ಒರಗಿಂದು" ಎಂದರು. ಟರ್ಬೋ ಮೇಲೆ ಶಾಖ ತಡೆಯಲು ಹಾಕಿದ ತಗಡಿನ ಒಂದು ಬೋಲ್ಟು ಸಡಿಲವಾಗಿತ್ತು. ಎಂಜಿನ್ ಒಂದು ವೇಗ ಮುಟ್ಟಿದಾಗ ಆ ತಗಡು ನಡುಗುತ್ತಿತ್ತು, ಸೆನ್ಸರ್ ಅದನ್ನೇ ಬಡಿತ ಎಂದುಕೊಳ್ಳುತ್ತಿತ್ತು. ಒಂದು ವಾಷರ್ ಹಾಕಿ ಬಿಗಿದರು. ಲ್ಯಾಪ್‌ಟಾಪಿನ ಕೆಂಪೆಲ್ಲ ಅಳಿಸಿಹೋಯಿತು.

"ಸೆನ್ಸರ್‌ಗೆ ಕಿವಿ ಐತೆ, ಬುದ್ಧಿ ಇಲ್ಲ" ಎಂದು ಅವತ್ತು ಅಂದರು. ಆಮೇಲೆ ಆ ಮಾತು ಅವರಿಗೆ ಅಭ್ಯಾಸವಾಗಿಬಿಟ್ಟಿತು. ತೊಂದರೆ ಶುರುವಾದದ್ದೂ ಆ ಅಭ್ಯಾಸದಿಂದಲೇ.

ಯಾಕೆಂದರೆ ಇತ್ತೀಚಿನ ತಿಂಗಳುಗಳಲ್ಲಿ ಸೆನ್ಸರ್ ದೂರು ಹೇಳಿದಾಗಲೆಲ್ಲ ಪಿಳ್ಳಪ್ಪಣ್ಣ ತಗಡನ್ನು ದೂರುತ್ತಿದ್ದರು. ನಾನು ಬಗ್ಗಿ ನೋಡಿದರೆ ತಗಡು ಗಟ್ಟಿಯಾಗಿರುತ್ತಿತ್ತು. ಎರಡು ಸಲ ಅವರು ಹೇಳಿದಂತೆಯೇ ಒತ್ತಿದೆ. ಮಾಲೂರು ರಸ್ತೆಯದು ಮೂರನೆಯ ಸಲ.

ರೇವತಿ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಪಿಳ್ಳಪ್ಪಣ್ಣ ಕಿವಿಮುಚ್ಚು ಕುತ್ತಿಗೆಗೆ ಇಳಿಸಿ ನನ್ನ ಕಡೆ ತಿರುಗಿದರು.

"ಯಾಕಮ್ಮಣ್ಣಿ, ಒತ್ತಲಿಲ್ಲ?"

"ಅಣ್ಣ, ಮೂರನೇದು ಕೆಂಪು ತೋರಿಸ್ತಿದೆ."

"ಅದ್ಕೆ ಬುದ್ಧಿ ಇಲ್ಲ ಅಂದ್ನಲ್ಲ. ಒಂದ್ ಡಿಗ್ರಿ ಸೇರ್ಸು. ಆಮ್ಯಾಕೆ ಆ ಸೆನ್ಸರ್ ಕಿವಿ ಒಸಿ ಮುಚ್ಚಿಬಿಡು, ಸುಮ್ಕೆ ಕೂಗ್ತಾ ಕೂರ್ತದೆ."

ಸೆನ್ಸರಿನ ಕಿವಿ ಮುಚ್ಚುವುದೆಂದರೆ ಅದರ ಸೂಕ್ಷ್ಮತೆಯನ್ನು ಇಳಿಸುವುದು. ಆಮೇಲೆ ನಿಜವಾಗಿ ಸಿಡಿದರೂ ಅದು ಬಾಯಿ ಬಿಡುವುದಿಲ್ಲ. ರೇವತಿ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. "ಏನಕ್ಕ, ಏನಾದ್ರೂ ಪ್ರಾಬ್ಲಮ್ಮಾ?"

"ಇಲ್ಲ, ಒಂದು ನಿಮಿಷ" ಎಂದೆ. ಸೇರಿಸಲಿಲ್ಲ. ಎರಡು ಡಿಗ್ರಿ ಇಳಿಸಿದೆ.

ನನ್ನ ಲೆಕ್ಕ ಸರಳವಾಗಿತ್ತು. ತಗಡಿನ ಸದ್ದಾದರೆ ಟೈಮಿಂಗ್ ಇಳಿಸಿದರೂ ಅದು ಹೋಗುವುದಿಲ್ಲ. ತಗಡಿಗೆ ಕಿಡಿಯ ಹಂಗಿಲ್ಲ. ನಿಜವಾದ ಸಿಡಿತವಾದರೆ ನಿಲ್ಲಬೇಕು. ರೇವತಿ ಮತ್ತೆ ಮೂರನೇ ಗೇರಿನಲ್ಲಿ ಕಾಲೊತ್ತಿದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಕೆಂಪಾಗಲಿ, ಕೆಂಪಾಗಲಿ ಎಂದು ಹರಕೆ ಹೊತ್ತವಳ ಹಾಗೆ ಬೇಡಿಕೊಂಡೆ. ಒಂದು ಚುಕ್ಕೆಯೂ ಕೆಂಪಾಗಲಿಲ್ಲ.

ಪಿಳ್ಳಪ್ಪಣ್ಣ ಕಣ್ಣು ತೆರೆದು ನಕ್ಕರು. "ಈಗ ನೋಡು, ಎಂಗೆ ಓಯ್ತು ಬೆಣ್ಣೆ ಅಂಗೆ! ಆ ಒಂದ್ ಡಿಗ್ರಿ ಸೇರ್ಸಿದ್ದೇ ಸರಿ ಓಯ್ತು."

ನಾನು ಹೂಂ ಅಂದೆ. ಹೊಸಕೋಟೆಯ ಚಹದಂಗಡಿಯಲ್ಲಿ ಅವರು ರೇವತಿಗೆ ಪಂಪ್‌ಸೆಟ್ಟಿನ ಕಥೆ ಹೇಳಿ ನಗಿಸುತ್ತಿದ್ದಾಗ ನನ್ನ ಚಹ ತಣ್ಣಗಾಯಿತು. ಹೇಳದಿದ್ದರೆ ಮುಂದಿನ ಭಾನುವಾರ ಇನ್ನೊಂದು ಗಾಡಿ. ಹೇಳಿದರೆ ಈ ನಗು ಮತ್ತೆ ಬರುತ್ತದೋ ಇಲ್ಲವೋ.

ಶೆಡ್ಡಿಗೆ ಬಂದ ಮೇಲೆ ಎಂಜಿನ್ ತಣಿಯುವವರೆಗೆ ಕಾದು, "ಅಣ್ಣ, ಒಂದ್ಸಲ ಪ್ಲಗ್ಗು ಬಿಚ್ಚಿ ನೋಡೋಣ" ಎಂದೆ.

ಅವರ ಮುಖ ಗಂಟಾಯಿತು. "ಯಾಕೆ? ನನ್ ಕಿವಿ ಮ್ಯಾಲೆ ಅನುಮಾನವಾ?"

"ಪ್ಲಗ್ಗು ಓದೋದು ಕಲಿಸಿದ್ದು ನೀವೇ ಅಲ್ವಾ ಅಣ್ಣ. ಮರೆತುಹೋಗ್ತಿದೆ, ಅದಕ್ಕೆ."

ಗೊಣಗುತ್ತಲೇ ಬಿಚ್ಚಿದರು. ಒಂದು, ಎರಡು. ಬೆಳ್ಳಗಿದ್ದವು. ಮೂರನೆಯದನ್ನು ಬೆಳಕಿಗೆ ಹಿಡಿದವರು ಹಾಗೇ ನಿಂತರು. ಅಕ್ಕಸಾಲಿಗರ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ನನಗೂ ಕಾಣುತ್ತಿತ್ತು: ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು, ನಡುವೆ ಬೆಳ್ಳಿಯಂತೆ ಹೊಳೆಯುವ ಎರಡು ಕಣ. ಆ ಹೊಳೆಯುವುದು ಪಿಸ್ಟನ್ನಿನ ಅಲ್ಯೂಮಿನಿಯಂ. ಸಿಡಿತ ಪಿಸ್ಟನ್ನನ್ನು ಕೆತ್ತಲು ಶುರು ಮಾಡಿತ್ತು.

"ಅಣ್ಣ, ಅವಾಗ ನಾನು ಸೇರಿಸಲಿಲ್ಲ. ಎರಡು ಇಳಿಸಿದೆ."

ತಿರುಗಿ ನೋಡಿದರು. ಬೈಯುತ್ತಾರೆಂದು ಕಾದೆ. ಪ್ಲಗ್ಗನ್ನು ಬಟ್ಟೆಯ ಮೇಲೆ ಮೆಲ್ಲಗಿಟ್ಟು, ರೇವತಿಯ ಕಡೆ ಹೋಗಿ ನಿಂತು, "ಮೇಡಂ, ನಿಮ್ ಗಾಡಿ ಸಿಡೀತಾ ಇತ್ತು. ನನ್ ಕಿವಿಗೆ ಬೀಳ್ಲಿಲ್ಲ. ಈವಮ್ಮ ಉಳಿಸ್ತು" ಎಂದರು. ರೇವತಿ ಏನೋ ಹೇಳಲು ಹೋದರು. ಪಿಳ್ಳಪ್ಪಣ್ಣ ಆಗಲೇ ಕೈ ತೊಳೆಯಲು ನಲ್ಲಿಯ ಕಡೆ ನಡೆದಿದ್ದರು. ಬಹಳ ಹೊತ್ತು ತೊಳೆದರು.

ವಾರದ ನಂತರ ಬ್ರೂಕ್‌ಫೀಲ್ಡಿನ ಒಂದು ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಗಾಜಿನ ಗೂಡಿನೊಳಗೆ ಅವರನ್ನು ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಅಲ್ಲೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಕೂತರು. ಪರೀಕ್ಷೆ ಮಾಡುವ ಹುಡುಗಿ ಒಂದೊಂದೇ ಗುಂಡಿ ಒತ್ತುತ್ತಿದ್ದಳು. ಪ್ರತಿ ಸದ್ದಿಗೂ ಒಂದು ಸಣ್ಣ ದೀಪ ಹತ್ತುತ್ತಿತ್ತು. ಮೊದಮೊದಲು ದೀಪ, ಬೆರಳು, ದೀಪ, ಬೆರಳು. ಆಮೇಲೆ ದೀಪ ಹತ್ತಿತು, ಬೆರಳು ಏಳಲಿಲ್ಲ. ಮತ್ತೆ ಹತ್ತಿತು. ಪಿಳ್ಳಪ್ಪಣ್ಣ ಗಮನವಿಟ್ಟು, ಹುಬ್ಬು ಗಂಟಿಕ್ಕಿ, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಯುತ್ತಲೇ ಇದ್ದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

"ದಪ್ಪ ಸದ್ದು ಚೆನ್ನಾಗಿ ಕೇಳುತ್ತೆ, ಅದಕ್ಕೇ ಮಾತಿಗೆ ತೊಂದರೆ ಇಲ್ಲ. ಚೂಪು ಸದ್ದು ಹೋಗಿದೆ" ಎಂದಳು ಹುಡುಗಿ. "ಮಿಷಿನ್ ಕೆಲಸ ಮಾಡಿದ್ರಾ?"

"ಪ್ರೆಸ್ ಶಾಪು. ಕಿವಿಗ್ ಆಕ್ಕೊಳೋದು ಕೊಟ್ಟಿದ್ದು ಕಡೇ ವರ್ಷ." ಚಪ್ಪಲಿ ಮೆಟ್ಟುತ್ತಾ ಕೇಳಿದರು: "ಯಾವಾಗ್ಲಿಂದ ಓಗೈತೆ ಮೇಡಂ ಇದು?"

"ಹೇಳೋಕಾಗಲ್ಲ ಅಂಕಲ್. ನಿಧಾನಕ್ಕೆ ಹೋಗಿರುತ್ತೆ."

ಕಿವಿ ಹೋಯಿತೆಂಬುದಕ್ಕಿಂತ ಆ 'ಯಾವಾಗಿನಿಂದ' ಅವರನ್ನು ತಿನ್ನತೊಡಗಿತು. ರೇವತಿಯ ಗಾಡಿ ಸಿಕ್ಕಿಬಿತ್ತು, ಸರಿ. ಅದಕ್ಕೆ ಮುಂಚಿನವು? ತಾವು ಅಂಗೈ ಚಾಚಿ ಸದ್ದಿಲ್ಲ ಎಂದು ಕಳಿಸಿದ ಗಾಡಿಗಳು ಎಷ್ಟು ಊರುಗಳಲ್ಲಿ, ಯಾರ ಮಕ್ಕಳನ್ನು ಕೂರಿಸಿಕೊಂಡು, ಯಾವ ಘಟ್ಟ ಹತ್ತುತ್ತಿವೆಯೋ? ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ಒಂದು ಸಂಜೆ ಮುನಿರತ್ನಕ್ಕ ಬಟ್ಟೆ ಒಣಹಾಕುತ್ತಿದ್ದಾಗ ಅವರು ಕೇಳಿದರು. "ಈ ಬಟ್ಟೆ ಮಿಷಿನ್ ಬಂದು ಎಷ್ಟ್ ದಿನ ಆಯ್ತೇ?"

"ಎರಡು ವರ್ಸ. ಗೌರಿ ಅಬ್ಬಕ್ಕೆ ಮಗಳು ಕೊಡ್ಸಿದ್ದು."

"ಅದು ಕೂಗ್ತದಾ?"

"ಓಗಿ ನೋಡಿ ಬುಡಿ. ಆದ ತಕ್ಷಣ ಪೀಂ ಪೀಂ ಅಂತ ಮೂರ್ ಮಹಡಿಗೂ ಕೇಳಂಗೆ ಕೂಗ್ತದೆ. ಬಂದ ಒಸದ್ರಾಗೆ ಒಂದೆರಡು ಸಲ ಎದ್ದು ಆಫ್ ಮಾಡಿದ್ರಿ, ಆಮ್ಯಾಕೆ ಪಕ್ದಾಗೆ ಕುಂತಿದ್ರೂ ಒಂದಿನ ಎದ್ದೋರಲ್ಲ. ಸೋಂಬೇರಿ ಅಂದ್ಕಂಡಿದ್ದೆ."

ಪಿಳ್ಳಪ್ಪಣ್ಣ ಖಾಲಿ ಮಿಷಿನ್ನನ್ನೇ ಚಾಲೂ ಮಾಡಿ ಅದರ ಮೇಲೆ ಕೈಯಿಟ್ಟು ನಿಂತರು. ಮುಕ್ಕಾಲು ಗಂಟೆ. ನಡುಕ ನಿಂತಿತು. ಅವರು ಹೆಂಡತಿಯ ಮುಖ ನೋಡಿದರು. "ಈಗ ಕೂಗ್ತಾ ಐತೆ" ಎಂದರು ಮುನಿರತ್ನಕ್ಕ. ಮನೆಯೆಲ್ಲ ಆ ಪೀಂ ಪೀಂ ತುಂಬಿತ್ತು. ಅವರು ಕೈ ತೆಗೆದು ಹೇಳಿದರು: "ಅಂಗಾದ್ರೆ ಎರಡು ವರ್ಸ."

ಎರಡು ವರ್ಷದಲ್ಲಿ ಕೈದಾಟಿದ ಗಾಡಿಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿದರು. ಇಪ್ಪತ್ಮೂರು. ಒಬ್ಬೊಬ್ಬರಿಗೂ ತಾವೇ ಫೋನು ಮಾಡಿದರು. ನಾನು ಮಾಡುತ್ತೇನೆಂದರೆ ಒಪ್ಪಲಿಲ್ಲ. "ಸಾರ್, ಪಿಳ್ಳಪ್ಪ ಮಾತಾಡ್ತಿರೋದು, ಅಗ್ರಾರದಿಂದ. ನಿಮ್ ಗಾಡಿ ಒಳಗೆ ಸಿಡೀತಾ ಇರ್ಬೋದು. ನಾನು ನೋಡ್ದಾಗ ನಂಗೆ ಕೇಳಿರಕ್ಕಿಲ್ಲ, ನನ್ ಕಿವಿ ಓಗೈತೆ. ಒಸಿ ತಂದ್ಬುಡಿ." ಇದೇ ಮಾತು, ಒಂದಕ್ಷರ ಮೆತ್ತಗೆ ಮಾಡದೆ, ಅಷ್ಟೂ ಜನಕ್ಕೆ. ಕೆಲವರು ತಮಾಷೆ ಎಂದುಕೊಂಡರು. ಒಬ್ಬ ಕೆಟ್ಟದಾಗಿ ಬೈದ, ಬೈದು ಮುಗಿಸುವವರೆಗೆ ಕೇಳಿಸಿಕೊಂಡು, "ಸರಿ ಸಾರ್, ಯಾವಾಗ್ ತರ್ತೀರಾ?" ಎಂದರು.

ಗಾಡಿಗಳು ಬಂದವು. ಪಿಳ್ಳಪ್ಪಣ್ಣ ಪ್ಲಗ್ಗು ಬಿಚ್ಚಿ ನೋಡುತ್ತಿದ್ದರು, ನಾನು ಟೈಮಿಂಗ್ ಇಳಿಸುತ್ತಿದ್ದೆ. "ಎರಡು ಇಳ್ಸು. ಸೆನ್ಸರ್ ಕಿವಿ ಮುಚ್ಚಿದ್ರೆ ತೆಗ್ದುಬುಡು." ಆರು ಗಾಡಿಗಳಲ್ಲಿ ಮೆಣಸಿನ ಚುಕ್ಕೆಗಳಿದ್ದವು. ಎರಡರ ಸೆನ್ಸರಿನ ಕಿವಿಯನ್ನು ಅವರ ಮಾತಿನಂತೆ ನಾನೇ ಮುಚ್ಚಿದ್ದೆ. ಆ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ. ಹೊಸ ಗಿರಾಕಿ ಬಂದರೆ ಪೀಣ್ಯದ ಇನ್ನೊಬ್ಬ ಮೆಕ್ಯಾನಿಕ್ಕಿನ ಹೆಸರು ಹೇಳಿ ಕಳಿಸಿಬಿಡುತ್ತಿದ್ದರು.

ಇಪ್ಪತ್ತೆರಡು ಹೆಸರುಗಳ ಮೇಲೆ ಗೀಟು ಬಿತ್ತು. ಉಳಿದದ್ದು ಒಂದು, ಬೂದು ಬಣ್ಣದ ಸಣ್ಣ ಕಾರು. ಅದರ ಒಡೆಯ ಮಾರಿಬಿಟ್ಟಿದ್ದ. ಕೊಂಡವನು ಇನ್ನೊಬ್ಬನಿಗೆ ಮಾರಿದ್ದ, ದಾವಣಗೆರೆ ಕಡೆಯವನಿಗೆ ಎಂಬುದಷ್ಟೇ ಗೊತ್ತು. ಸಿಕ್ಕಿದ ಒಂದು ನಂಬರು ಯಾವಾಗಲೂ ಸ್ವಿಚ್ ಆಫ್. ಪಿಳ್ಳಪ್ಪಣ್ಣ ದಿನಾ ಬೆಳಗ್ಗೆ ಆ ನಂಬರು ಒತ್ತುತ್ತಿದ್ದರು. ರಸ್ತೆಯಲ್ಲಿ ಬೂದು ಕಾರು ಕಂಡರೆ ನಂಬರ್ ಪ್ಲೇಟ್ ಓದಲು ನಿಲ್ಲುತ್ತಿದ್ದರು. ಕಡೆಯ ಸಲ ನಾನು ಅವರನ್ನು ಕಂಡದ್ದು ಗೇಟಿನ ಬಳಿ. ನಾನು ಕೆಲಸಕ್ಕೆ ಹೊರಟಿದ್ದೆ.

"ಅಮ್ಮಣ್ಣಿ, ಆ ದಾವಣಗೆರೆದು..."

"ಸಂಜೆ ಮತ್ತೆ ನೋಡ್ತೀನಿ ಅಣ್ಣ."

"ಅಲ್ಲಿಂದ ಗೋವಾಗೆ ಓಗೋಕೆ ಘಟ್ಟ ಐತಲ್ಲವಾ?" ಎಂದರು. ಐತೆ ಅಂದೆ. ತಲೆಯಾಡಿಸಿದರು.

ಮಧ್ಯಾಹ್ನ ಎದೆನೋವೆಂದು ಮಲಗಿದವರು ಏಳಲಿಲ್ಲ. ಮುನಿರತ್ನಕ್ಕನ ಫೋನು ಬಂದಾಗ ನಾನು ಕೆಲಸದ ಮೇಜಿನ ಮುಂದಿದ್ದೆ.

ಅವರು ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಶನಿವಾರ ಗೇಟಿನ ಮುಂದೆ ಬೂದು ಬಣ್ಣದ ಕಾರು ನಿಂತಿತು. ಇಳಿದವನು ಇಪ್ಪತ್ತೆಂಟರ ಆಸುಪಾಸಿನ ಯುವಕ. ಹಳೇ ಸಿಮ್ ಮತ್ತೆ ಹಾಕಿದ್ದನಂತೆ, ಒಂದೇ ನಂಬರಿನಿಂದ ನೂರಾರು ಕರೆ ಬಂದ ಸಂದೇಶಗಳನ್ನು ನೋಡಿ ಹೆದರಿ, ಗಾಡಿ ಮಾರಿದವರಿಂದ ಹೆಸರು, ವಿಳಾಸ ತಿಳಿದುಕೊಂಡು, ಹೇಗೂ ಬೆಂಗಳೂರಿಗೆ ಬರುವವನು ಹುಡುಕಿಕೊಂಡು ಬಂದಿದ್ದ.

"ಯಾರ್ರೀ ಅಕ್ಕಾರ ಪಿಳ್ಳಪ್ಪ ಅಂದ್ರ? ಏನ್ ತಪ್ಪಾಗೇತಿ ನನ್ನಿಂದ?"

"ನಿಮ್ಮಿಂದ ಏನೂ ಇಲ್ಲ. ಗಾಡಿ ಹೇಗಿದೆ?"

"ಸೂಪರ್ ಐತ್ರೀ. ಏರಿನ್ಯಾಗ ಮಾತ್ರ ಒಂದೀಟು ಚಟಾಚಟಾ ಅಂತೇತಿ."

ಶೆಡ್ಡಿನ ಬೀಗ ತೆಗೆದೆ. ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದೆ. ಎರಡರಲ್ಲಿ ಚುಕ್ಕೆಗಳಿದ್ದವು, ಹೊಳೆಯುವ ಕಣ ಇನ್ನೂ ಇರಲಿಲ್ಲ. ಎರಡು ಡಿಗ್ರಿ ಇಳಿಸಿದೆ. ಊರ ಸುತ್ತ ಒಂದು ಸುತ್ತು ಓಡಿಸಿ ನೋಡಿ, ಕೀಲಿ ಕೊಟ್ಟೆ. ಅವನು ಮುನಿರತ್ನಕ್ಕ ಕೊಟ್ಟ ಕಾಫಿ ಕುಡಿದು, ನಮಸ್ಕಾರ ಹೇಳಿ ಹೊರಟ.

ಕ್ಯಾಲೆಂಡರು ತಂದು ಕೊನೆಯ ಹೆಸರಿನ ಮೇಲೆ ಗೀಟು ಎಳೆದೆ. ಮುನಿರತ್ನಕ್ಕ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಇನ್ನ್ಯಾವ್ದೂ ಇಲ್ವಲ್ಲ?"

"ಇಲ್ಲ ಅಕ್ಕ."

ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.